ಪದ್ಮಿನಿಯ ಕಾಲಡಿಯ ತಗಡು

ಹಳೇ ಕಾರು ಕೊಳ್ಳಲು ಹೋದವರು ಏನೇನು ನೋಡುತ್ತಾರೆ? ಬಾನೆಟ್ ಎತ್ತಿಸಿ ಎಂಜಿನ್ ಸ್ಟಾರ್ಟ್ ಮಾಡಿಸುತ್ತಾರೆ. ಸೈಲೆನ್ಸರಿನ ಹೊಗೆ ನೀಲಿಯೋ ಬಿಳಿಯೋ ಎಂದು ಹಿಂದೆ ಹೋಗಿ ಬಗ್ಗುತ್ತಾರೆ. ಬಾಗಿಲು ಬಡಿದು ಸದ್ದು ಕೇಳುತ್ತಾರೆ, ಬಣ್ಣದ ಮೇಲೆ ಕೈಯಾಡಿಸುತ್ತಾರೆ. ಮಾರುವವನಿಗೂ ಇದೆಲ್ಲ ಗೊತ್ತು, ಅಷ್ಟನ್ನೂ ಮೊದಲೇ ಸರಿ ಮಾಡಿಟ್ಟಿರುತ್ತಾನೆ. ಮುಂದಿನ ಸೀಟಿನ ಕಾಲಡಿಯ ಮ್ಯಾಟ್ ಎತ್ತಿ ನೋಡುವವರು ಮಾತ್ರ ಕಡಿಮೆ. ಎತ್ತಿದರೆ ಕೆಲವೊಮ್ಮೆ ತಗಡು ಕಾಣುತ್ತದೆ, ಕೆಲವೊಮ್ಮೆ ನೇರವಾಗಿ ರಸ್ತೆಯೇ ಕಾಣುತ್ತದೆ.

ಇವತ್ತಿನ ಮಾತು ಆ ತಗಡಿನ ಬಗ್ಗೆ. ತುಕ್ಕು ತಿಂದ ತಳವನ್ನು ಕತ್ತರಿಸಿ ತೆಗೆದು ಹೊಸದು ಕೂರಿಸುವ ಕೆಲಸದ ಬಗ್ಗೆ. ಉದಾಹರಣೆಗೆ ಪ್ರೀಮಿಯರ್ ಪದ್ಮಿನಿಯನ್ನೇ ಇಟ್ಟುಕೊಳ್ಳೋಣ. ನಮ್ಮಲ್ಲಿ ಎಷ್ಟೋ ಮಂದಿ ಅದನ್ನು ಇಂದಿಗೂ ಫಿಯೆಟ್ ಎಂದೇ ಕರೆಯುವುದು, ಹಾಗೆ ಕರೆದರೆ ತಪ್ಪೂ ಇಲ್ಲ. ಇಟಲಿಯಲ್ಲಿ 1953ರಲ್ಲಿ ಬಂದ ಫಿಯೆಟ್ 1100 ಕಾರಿನ ವಂಶದ್ದು ಅದು. ಮುಂಬಯಿಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಕಾರ್ಖಾನೆಯಿಂದ 1960ರ ದಶಕದಲ್ಲಿ 1100 ಡಿಲೈಟ್ ಎಂಬ ಹೆಸರಲ್ಲಿ ಹೊರಬಂತು. ಮುಂದಿನ ದಶಕದಲ್ಲಿ ಮೊದಲು ಪ್ರೆಸಿಡೆಂಟ್ ಆಯಿತು, ಆಮೇಲೆ ಪದ್ಮಿನಿ ಆಯಿತು. 1089 ಸಿಸಿ ಎಂಜಿನ್, ಹೆಚ್ಚಿನವಕ್ಕೆ ಸ್ಟಿಯರಿಂಗ್ ಪಕ್ಕದಲ್ಲೇ ಗೇರ್ ಕಡ್ಡಿ. ಮುಂಬಯಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳಲ್ಲಿ ಕೊನೆಯದು ರಸ್ತೆ ಬಿಟ್ಟದ್ದು 2023ರ ಅಕ್ಟೋಬರಿನಲ್ಲಿ. ಟ್ಯಾಕ್ಸಿಗಳಿಗೆ ಅಲ್ಲಿ ಇಪ್ಪತ್ತು ವರ್ಷದ ಮಿತಿ ಇತ್ತು. ಮನೆಯ ಕಾರುಗಳು ಮಾತ್ರ ಇನ್ನೂ ಉಳಿದಿವೆ, ಕೆಲವು ಓಡುತ್ತ, ಕೆಲವು ತೆಂಗಿನ ಮರದಡಿ ಟಾರ್ಪಾಲು ಹೊದ್ದುಕೊಂಡು.

ಈ ಕಾರಿನ ಎಂಜಿನ್ನಿನ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಬೋರ್ ಮಾಡಿಸಬಹುದು, ಪಿಸ್ಟನ್ ಬದಲಾಯಿಸಬಹುದು, ಬೇಕಾದರೆ ಇನ್ನೊಂದು ಎಂಜಿನ್ನನ್ನೇ ತಂದು ಇಳಿಸಬಹುದು. ತಳ ಹೋದರೆ ಹಾಗಲ್ಲ. ಜೀಪು, ಲಾರಿಗಳಿಗೆ ಚಾಸಿ ಬೇರೆ, ಬಾಡಿ ಬೇರೆ. ಕೆಳಗೆ ಉದ್ದಕ್ಕೆ ಎರಡು ದಪ್ಪ ಕಬ್ಬಿಣದ ತೊಲೆ ಇರುತ್ತವೆ, ಮೇಲಿನ ತಗಡು ಹರಿದರೂ ಗಾಡಿ ನಿಂತಿರುತ್ತದೆ. ಫಿಯೆಟ್ ಕಂಪನಿ 1950ರಲ್ಲಿ ತನ್ನ 1400 ಮಾದರಿಯಿಂದ ಆ ತೊಲೆಗಳನ್ನು ಕೈಬಿಟ್ಟಿತು. ತಳ, ಬಾಗಿಲ ಕೆಳಗಿನ ಪಟ್ಟಿ, ಕಂಬಗಳು, ಮಾಡು ಎಲ್ಲ ಸೇರಿ ಒಂದೇ ಪೆಟ್ಟಿಗೆ. ಮೊನೊಕಾಕ್ ಎನ್ನುವುದು ಇದಕ್ಕೇ. ಮೂರು ವರ್ಷ ಬಿಟ್ಟು ಬಂದ 1100 ಕೂಡ ಇದೇ ಬಗೆಯದು. ಬೆಂಕಿಪೊಟ್ಟಣದ ಒಳಡಬ್ಬಿಯನ್ನು ಎಳೆದು ತೆಗೆದು ಹೊರಗಿನ ಕವಚವನ್ನು ಎರಡು ಬೆರಳಲ್ಲಿ ಒತ್ತಿ ನೋಡಿ. ಒಂದು ಕಡೆಗೆ ವಾಲಿಬಿಡುತ್ತದೆ. ಡಬ್ಬಿ ಒಳಗಿದ್ದಾಗ ಗಟ್ಟಿಯಾಗಿದ್ದದ್ದು ಅದೇ ಕವಚ. ಪದ್ಮಿನಿಯ ತಳ ಮಾಡುವುದು ಆ ಒಳಡಬ್ಬಿಯ ಕೆಲಸ.

ಹಾಗಾಗಿ ತಳದಲ್ಲಿ ತೂತು ಬಿದ್ದರೆ ಕಾಲಿಗೆ ನೀರು ಹಾರುತ್ತದೆ ಎನ್ನುವುದು ತೀರಾ ಸಣ್ಣ ತೊಂದರೆ. ಹಿಂದಿನ ಲೀಫ್ ಸ್ಪ್ರಿಂಗ್ ಪಟ್ಟಿಯ ಮುಂತುದಿ ಹಿಡಿದುಕೊಂಡಿರುವುದು ಈ ತಳದ ಭಾಗವನ್ನೇ. ಸೀಟಿನ ಬೋಲ್ಟು ಕೂತಿರುವುದೂ ಇದರ ಮೇಲೆ. ಆಮೇಲೆ ಯಾರಾದರೂ ಸೀಟ್‌ಬೆಲ್ಟ್ ಹಾಕಿಸಿದ್ದರೆ ಅದರ ಒಂದು ಕೊನೆ ಕೂಡ ಇಲ್ಲಿಯೇ. ಬ್ರೇಕ್ ಎಣ್ಣೆಯ ಕೊಳವೆ, ಹಿಂದಿನ ಟ್ಯಾಂಕಿನಿಂದ ಮುಂದಿನ ಎಂಜಿನ್ನಿಗೆ ಬರುವ ಪೆಟ್ರೋಲ್ ಕೊಳವೆ ಇದರ ಅಡಿಯಲ್ಲೇ ಓಡುತ್ತವೆ.

ಇನ್ನು ತುಕ್ಕು. ಅದು ಕೆಳಗಿನಿಂದ, ರಸ್ತೆಯ ನೀರು ಸಿಡಿದು ಬರುತ್ತದೆ ಎಂದು ಸಾಮಾನ್ಯ ನಂಬಿಕೆ. ಅದಕ್ಕೇ ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಕೆಳಗೆ ಕಪ್ಪು ಕೋಟಿಂಗ್ ಹೊಡೆಸುತ್ತೇವೆ. ನಾನು ನೋಡಿದ ಹೆಚ್ಚಿನ ಹಳೇ ಕಾರುಗಳಲ್ಲಿ ತುಕ್ಕು ಶುರುವಾದದ್ದು ಮೇಲಿನಿಂದ, ಕಾರಿನ ಒಳಗಿನಿಂದ. ಮುಂದಿನ ಗಾಜಿನ ರಬ್ಬರ್ ಬೀಡಿಂಗ್ ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿರುತ್ತದೆ. ಗಾಜಿನ ಬುಡದಲ್ಲಿ ಗಾಳಿ ಒಳಬರುವ ಜಾಗದಲ್ಲಿ ಹುಣಸೆ ಎಲೆಯೋ ಗಾಳಿಮರದ ಸೂಜಿ ಎಲೆಯೋ ತುಂಬಿ ನೀರಿನ ದಾರಿ ಕಟ್ಟಿರುತ್ತದೆ. ಬಾಗಿಲೊಳಗೆ ಇಳಿದ ನೀರು ಹೊರಗೆ ಹೋಗಬೇಕಾದ ತೂತು ಕೆಸರಿನಿಂದ ಮುಚ್ಚಿರುತ್ತದೆ. ಆ ನೀರೆಲ್ಲ ನಿಧಾನವಾಗಿ ಇಳಿದು ಮ್ಯಾಟಿನ ಕೆಳಗೆ ಸೇರುತ್ತದೆ. ಮ್ಯಾಟಿನ ಕೆಳಗೆ ನಾರಿನದೋ ಗೋಣಿಯದೋ ಒಂದು ದಪ್ಪ ಹಾಸು, ಅದರ ಕೆಳಗೆ ಸದ್ದು ತಡೆಯಲು ಅಂಟಿಸಿದ ಡಾಂಬರಿನ ಹಾಳೆ. ಒಮ್ಮೆ ನೆನೆದರೆ ಆ ಹಾಸು ಒಣಗುವುದು ದೀಪಾವಳಿಯ ಹೊತ್ತಿಗೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಮಂಗಳೂರಿನಂಥ ಊರಲ್ಲಿ ಇದು ಒಂದು ವರ್ಷದ ಕತೆಯಲ್ಲ.

ನೀರು ಮಾತ್ರವಾದರೂ ಪರವಾಗಿಲ್ಲ ಎನ್ನಬಹುದಿತ್ತು. ಕರಾವಳಿಯ ಗಾಳಿಯಲ್ಲಿ ಉಪ್ಪಿದೆ. ಉಪ್ಪು ತಾನಾಗಿ ಕಬ್ಬಿಣವನ್ನು ತಿನ್ನುವುದಿಲ್ಲ. ಆದರೆ ಉಪ್ಪು ಕರಗಿದ ನೀರಿನಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ, ತುಕ್ಕು ಹಿಡಿಯುವುದೆಂದರೆ ಕಬ್ಬಿಣದ ಮೇಲೆ ನಡೆಯುವ ಸಣ್ಣಸಣ್ಣ ಬ್ಯಾಟರಿಗಳ ಆಟವೇ. ಇದರಲ್ಲಿ ಒಂದು ವಿಚಿತ್ರವಿದೆ. ಗಾಳಿ ಚೆನ್ನಾಗಿ ತಾಗುವ ಕಡೆ ಕಬ್ಬಿಣ ಉಳಿದುಕೊಳ್ಳುತ್ತದೆ. ಗಾಳಿ ಸಿಗದ ಕಡೆ, ಡಾಂಬರಿನ ಹಾಳೆಯ ಅಡಿಯಲ್ಲಿ, ಎರಡು ತಗಡು ಒಂದರ ಮೇಲೊಂದು ಕೂತ ಸಂದಿಯಲ್ಲಿ, ಕೆಸರಿನ ಗುಪ್ಪೆಯ ಕೆಳಗೆ ಕರಗಿ ಹೋಗುತ್ತದೆ. ಅಂದರೆ ನಾವು ಕಾಣುವಲ್ಲಿ ಚೆನ್ನಾಗಿದ್ದು ಕಾಣದಲ್ಲಿ ಕೆಡುವುದು ಅದರ ಸ್ವಭಾವ. ಹುಟ್ಟಿದ ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ತೆಗೆದುಕೊಳ್ಳುತ್ತದೆ. ಸಂದಿಯ ಎರಡು ತಗಡುಗಳನ್ನು ಅದು ಒಳಗಿನಿಂದಲೇ ಉಬ್ಬಿಸಿ ಬೇರೆ ಮಾಡುತ್ತದೆ. ಜೊತೆಗೆ ನಮ್ಮ ಕಡೆಯ ಇನ್ನೊಂದು ಕೊಡುಗೆ ಇದೆ, ಮೀನು. ಬಂದರಿನಿಂದ ಬಂಗುಡೆಯ ಬುಟ್ಟಿಯನ್ನು ಹಿಂದಿನ ಸೀಟಿನ ಕಾಲಡಿಯಲ್ಲಿಟ್ಟು ತಂದ ಕಾರುಗಳ ತಳವನ್ನು ಬಿಚ್ಚುವಾಗ ಗುರುತು ಹಿಡಿಯಬಹುದು, ಬುಟ್ಟಿ ಇಟ್ಟ ಕಡೆ ಉರುಟಾಗಿ ತಗಡೇ ಇರುವುದಿಲ್ಲ.

ಪರೀಕ್ಷೆ ಮಾಡುವುದು ಸುಲಭ. ಸೀಟು, ಮ್ಯಾಟು, ಹಾಸು ಎಲ್ಲ ಹೊರಗೆ ತೆಗೆದು, ಡಾಂಬರಿನ ಹಾಳೆಯನ್ನು ಕೆರೆಯಬೇಕು. ಆಮೇಲೆ ಸುತ್ತಿಗೆಯ ಹಿಡಿಯಿಂದ ಅಂಗುಲ ಅಂಗುಲ ತಟ್ಟುತ್ತ ಹೋಗಬೇಕು. ಗಟ್ಟಿ ತಗಡು ಕಣಕಣ ಎನ್ನುತ್ತದೆ, ಕೊಳೆತದ್ದು ಮಂಕಾಗಿ ದಬ್ ಎನ್ನುತ್ತದೆ. ಸಂಶಯ ಬಂದಲ್ಲಿ ಸ್ಕ್ರೂಡ್ರೈವರಿನ ತುದಿಯಿಂದ ಒತ್ತಬೇಕು. ಮಾಲಿಕರಿಗೆ ಈ ಹೊತ್ತಿಗೆ ಕಣ್ಣು ಕತ್ತಲೆ ಬರುತ್ತದೆ, ಯಾಕೆಂದರೆ ಅಂಗೈಯಗಲದ ತೂತು ಎಂದು ತಂದದ್ದು ಪತ್ರಿಕೆಯ ಪುಟದಗಲ ಆಗಿರುತ್ತದೆ. ಇನ್ನೊಂದು ಪರೀಕ್ಷೆ, ನನ್ನ ಪ್ರಕಾರ ಇದೇ ಮುಖ್ಯ: ಮುಂದಿನ ಬಾಗಿಲನ್ನು ಮುಚ್ಚಿ, ಬಾಗಿಲು ಮತ್ತು ಕಂಬದ ನಡುವಿನ ಸಂದನ್ನು ನೋಡಿಕೊಂಡು, ಆ ಕಡೆಯಿಂದ ಜಾಕ್ ಕೊಟ್ಟು ಕಾರು ಎತ್ತಿ. ಸಂದು ಮೇಲೆ ಅಗಲವಾಗಿ ಕೆಳಗೆ ಕಿರಿದಾದರೆ, ಅಥವಾ ಎತ್ತಿದ ಮೇಲೆ ಬಾಗಿಲು ತೆರೆಯಲು ಒದ್ದಾಡಿದರೆ, ತಳದ ಜೊತೆ ಬಾಗಿಲ ಕೆಳಗಿನ ಪಟ್ಟಿಯೂ ಹೋಗಿದೆ ಎಂದು ತಿಳಿಯಬೇಕು. ನಮ್ಮ ಗ್ಯಾರೇಜುಗಳಲ್ಲಿ ಆ ಪಟ್ಟಿಗೆ ರನ್ನಿಂಗ್ ಬೋರ್ಡ್ ಎನ್ನುತ್ತಾರೆ.

ಈಗ ಸ್ವಲ್ಪ ಕಹಿ ಮಾತು. ಟಿಂಕರಿಂಗ್ ಕೆಲಸ ಮಾಡುವವರಲ್ಲಿ ಕೆಲವರು, ಮಾಡಿಸುವವರಲ್ಲಿ ಬಹಳ ಮಂದಿ, ತೇಪೆಯಲ್ಲೇ ಮುಗಿಸಲು ನೋಡುತ್ತಾರೆ. ಕೊಳೆತ ತಗಡಿನ ಮೇಲೆ ಒಂದು ಹೊಸ ತಗಡು ಹಾಸಿ, ಅಂಚಿನಲ್ಲಿ ಅಲ್ಲಲ್ಲಿ ವೆಲ್ಡಿಂಗ್ ಬೊಟ್ಟಿಟ್ಟು, ಮೇಲೆ ಕಪ್ಪು ಬಣ್ಣ ಬಳಿದರೆ ಸಂಜೆಗೆ ಕಾರು ಸಿದ್ಧ. ಇದಕ್ಕಿಂತ ತೂತೇ ವಾಸಿ ಎನ್ನುತ್ತೇನೆ. ತೂತಿನಿಂದ ನೀರು ಸೋರಿಯಾದರೂ ಹೋಗುತ್ತದೆ. ತೇಪೆ ಹಾಕಿದ ಮೇಲೆ ಎರಡು ತಗಡಿನ ನಡುವೆ ನೀರು ನಿಲ್ಲುತ್ತದೆ, ಹಳೆಯ ತುಕ್ಕು ಹೊಸದಕ್ಕೆ ಹತ್ತುತ್ತದೆ. ಗಟ್ಟಿ ತಗಡು ಸಿಗುವ ತನಕ ಕತ್ತರಿಸದೆ ಬೇರೆ ದಾರಿ ಇಲ್ಲ.

ಕತ್ತರಿಸುವುದೆಂದರೆ ಮೊದಲ ದಿನವೇ ಗ್ರೈಂಡರ್ ಹಿಡಿಯುವುದಲ್ಲ. ನಮ್ಮೂರಲ್ಲಿ ಒಬ್ಬರು ಹಿರಿಯ ಟಿಂಕರ್ ಕಾಕ ಇದ್ದಾರೆ. ಅವರ ಹತ್ತಿರ ಕೆಲಸಕ್ಕೆ ಬಿಟ್ಟ ಕಾರು ನೋಡಲು ಹೋದಾಗಲೆಲ್ಲ ಏನೂ ಆಗಿಲ್ಲ ಎನಿಸುತ್ತದೆ. ಬಾಗಿಲಿನ ಜಾಗಕ್ಕೆ ಚೌಕ ಪೈಪಿನ ತುಂಡುಗಳನ್ನು ಅಡ್ಡಡ್ಡ ವೆಲ್ಡ್ ಮಾಡಿರುತ್ತಾರೆ, ಅಷ್ಟೆ. "ಕಾಕ, ಕೆಲಸ ಶುರುವಾಗಲಿಲ್ಲವಾ?" ಎಂದರೆ, "ಎಂಥ ಮಾಷ್ಟ್ರೇ, ಮುಕ್ಕಾಲು ಕೆಲಸ ಮುಗಿದಿದೆ ಮಾರಾಯ್ರೇ, ಇನ್ನು ಕತ್ತರಿಸಿ ಹಾಕುವುದೇ ಉಳಿದಿರುವುದು" ಎನ್ನುತ್ತಾರೆ.

ಅದು ತಮಾಷೆಯ ಮಾತಲ್ಲ. ತಳ ಕತ್ತರಿಸಿದ ಕ್ಷಣದಿಂದ ಪೆಟ್ಟಿಗೆಯನ್ನು ನೆಟ್ಟಗೆ ಹಿಡಿಯುವವರು ಯಾರೂ ಇಲ್ಲ. ಎಂಜಿನ್ನಿನ ಭಾರ ಮುಂದೆ ಎಳೆಯುತ್ತದೆ, ನಡು ಬಗ್ಗುತ್ತದೆ. ಬಗ್ಗಿದ ಸ್ಥಿತಿಯಲ್ಲೇ ಹೊಸ ತಗಡು ಕೂರಿಸಿ ವೆಲ್ಡ್ ಮಾಡಿದರೆ ಆ ವಕ್ರ ಶಾಶ್ವತ. ಆಮೇಲೆ ಬಾಗಿಲು ಎಷ್ಟು ಉಜ್ಜಿದರೂ ಕೂರುವುದಿಲ್ಲ, ಮುಂದಿನ ಗಾಜು ಒಂದು ಚಳಿಗಾಲದ ಬೆಳಗ್ಗೆ ಕಾರಣವಿಲ್ಲದೆ ಸೀಳುತ್ತದೆ, ಗಾಡಿ ಒಂದೇ ಕಡೆಗೆ ಎಳೆಯುತ್ತದೆ. ಅದಕ್ಕಾಗಿ ಬಾಗಿಲಿನ ಚೌಕಟ್ಟಿಗೆ ಅಡ್ಡಪೈಪು, ಎಡದ ಕಂಬದಿಂದ ಬಲದ ಕಂಬಕ್ಕೆ ಇನ್ನೊಂದು. ಕಾರನ್ನು ಸಮತಟ್ಟಾದ ನೆಲದಲ್ಲಿ, ಸ್ಪ್ರಿಂಗುಗಳು ಕೂರುವ ಗಟ್ಟಿ ಜಾಗಗಳಿಗೇ ಸ್ಟ್ಯಾಂಡ್ ಕೊಟ್ಟು ನಿಲ್ಲಿಸಬೇಕು. ನಡುವಿಗೆ ಒಂದೇ ಜಾಕ್ ಕೊಟ್ಟು ನಿಲ್ಲಿಸಿದ ಕಾರಿನ ತಳ ಕತ್ತರಿಸುವವರನ್ನು ಕಂಡರೆ ನಿಮ್ಮ ಕಾರನ್ನು ವಾಪಸು ತನ್ನಿ. ಆಮೇಲೆ ಟೇಪು ಹಿಡಿದು ಮೂಲೆಯಿಂದ ಮೂಲೆಗೆ ಅಳೆದು, ಎರಡೂ ಕರ್ಣ ಒಂದೇ ಇದೆಯೇ ನೋಡಿ, ಸೀಟಿನ ಬೋಲ್ಟಿನ ಜಾಗ, ಕೊಳವೆಯ ಕ್ಲಿಪ್ಪಿನ ಜಾಗ, ಎಲ್ಲ ಬರೆದಿಡಬೇಕು. ಕೊಳೆತ ತಳವನ್ನು ಬಿಸಾಡುವ ಮೊದಲು ಅದರ ಮೇಲೆ ರಟ್ಟು ಇಟ್ಟು ಅಚ್ಚು ತೆಗೆಯಬೇಕು. ಎರಡೂ ಬದಿ ಹೋಗಿದ್ದರೂ ಒಂದು ಬದಿ ಮುಗಿಸಿ ಇನ್ನೊಂದು. ಬ್ಯಾಟರಿ ಬಿಚ್ಚಿ, ಪೆಟ್ರೋಲ್ ಕೊಳವೆ ಮತ್ತು ಟ್ಯಾಂಕು ಇಳಿಸಿ, ಒಂದು ಬಕೆಟ್ ಮರಳು, ಒದ್ದೆ ಗೋಣಿ ಪಕ್ಕದಲ್ಲಿ. ಡಾಂಬರಿನ ಉಳಿಕೆಗೆ ಕಿಡಿ ಬಿದ್ದರೆ ಉರಿಯುವುದು ನಿಧಾನವಾಗಿ, ಆರಿತು ಎಂದು ತಿರುಗಿದ ಮೇಲೆ.

ಇದೇ ಕೆಲಸ ಫೋಕ್ಸ್‌ವ್ಯಾಗನ್ ಬೀಟಲಿನಲ್ಲಿ ಎಷ್ಟೋ ಸಲೀಸು. ಅದರ ತಳಕ್ಕೆ ನಡುವೆ ಬೆನ್ನೆಲುಬಿನಂತೆ ಒಂದು ಸುರಂಗ ಇದೆ, ಎರಡು ಪಕ್ಕದಲ್ಲಿ ಎರಡು ಹಾಳೆ, ಮೇಲಿನ ಬಾಡಿ ಬೋಲ್ಟಿನಲ್ಲಿ ನಿಂತಿದೆ. ಬಿಚ್ಚಿ ಎತ್ತಿದರೆ ತಳವೊಂದೇ ಚಕ್ರದ ಮೇಲೆ ಕೂತಿರುತ್ತದೆ. ಅಲ್ಲಿಯೂ ಮೊದಲು ಕೊಳೆಯುವುದು ಹಿಂದಿನ ಸೀಟಿನ ಬಲಗಡೆ, ಯಾಕೆಂದರೆ ಬ್ಯಾಟರಿ ಕೂತಿರುವುದು ಅಲ್ಲಿ, ಆಸಿಡ್ ತೊಟ್ಟಿಕ್ಕುವುದೂ ಅಲ್ಲೇ. ಬೀಟಲಿಗೆ ಹೊಸ ತಳದ ಹಾಳೆಗಳು ಅಚ್ಚೊತ್ತಿ ಸಿದ್ಧವಾಗಿ ಸಿಗುತ್ತವೆ. ಬ್ರಿಟನ್ನಿನಲ್ಲಿ ಎಂಜಿಬಿ ಎಂಬ ಸ್ಪೋರ್ಟ್ಸ್ ಕಾರಿಗೆ 1988ರಿಂದ ಮೂಲ ಅಚ್ಚುಗಳಲ್ಲೇ ಇಡೀ ಬಾಡಿಯನ್ನೇ ಹೊಸದಾಗಿ ಮಾಡಿ ಕೊಟ್ಟರು. ನಮಗೆ ಆ ಭಾಗ್ಯ ಇಲ್ಲ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಹುಡುಕಿದರೆ ಇನ್ನೊಂದು ಪದ್ಮಿನಿಯ ತುಂಡು ಸಿಕ್ಕೀತು, ಅದೂ ಅದೇ ವಯಸ್ಸಿನದು. ಆದ್ದರಿಂದ ಹೆಚ್ಚಾಗಿ ಕೈಯಲ್ಲೇ ಮಾಡಬೇಕು.

ಯಾವ ತಗಡು? ಕೋಲ್ಡ್ ರೋಲ್ಡ್ ಶೀಟ್, ಅಂಗಡಿಯಲ್ಲಿ ಸಿಆರ್ ಶೀಟ್ ಎಂದರೆ ಕೊಡುತ್ತಾರೆ. 20 ಗೇಜ್ ಎಂದರೆ ಮಿಲಿಮೀಟರಿಗೆ ಸ್ವಲ್ಪ ಕಡಿಮೆ ದಪ್ಪ, 18 ಗೇಜ್ ಎಂದರೆ 1.2 ಮಿಲಿಮೀಟರ್. ಗಟ್ಟಿಯಾಗಲಿ ಎಂದು 16 ಗೇಜ್ ಹಾಕಿಸುವವರಿದ್ದಾರೆ. ದಪ್ಪ ತಗಡು ಪಕ್ಕದ ತೆಳು ತಗಡಿನ ಮೇಲೆ ಹಟ ಮಾಡುತ್ತದೆ, ಸೀಳು ಬರುವುದು ತೆಳುವಿನಲ್ಲಿ. ತಳಕ್ಕೆ ಗಟ್ಟಿತನ ಬರುವುದು ದಪ್ಪದಿಂದಲ್ಲ, ಅದರಲ್ಲಿ ಒತ್ತಿದ ಉಬ್ಬುಗೆರೆಗಳಿಂದ. ಕಾರ್ಖಾನೆಯವರು ಉದ್ದಕ್ಕೆ ಆ ಗೆರೆ ಒತ್ತಿದ್ದು ಅಂದಕ್ಕಲ್ಲ. ಗೆರೆ ಇಲ್ಲದ ಚಪ್ಪಟೆ ತಗಡು ಹಾಸಿದರೆ ಎಪ್ಪತ್ತು ಕಿಲೋಮೀಟರ್ ವೇಗದಲ್ಲಿ ಕಾರಿನೊಳಗೆ ಚೆಂಡೆ ಕೇಳುತ್ತದೆ. ಯಂತ್ರ ಇರುವ ಕಡೆ ಎರಡು ಉರುಳೆಗಳ ನಡುವೆ ತಗಡು ಓಡಿಸಿ ಗೆರೆ ಎಬ್ಬಿಸುತ್ತಾರೆ. ಕಾಕನ ಹತ್ತಿರ ಇರುವುದು ಕಾಲುವೆ ಕೊರೆದ ಒಂದು ಹಲಸಿನ ಮರದ ಹಲಗೆ, ತುದಿ ಉರುಟು ಮಾಡಿದ ಒಂದು ಉಳಿ. ತಗಡನ್ನು ಹಲಗೆಯ ಮೇಲಿಟ್ಟು ಹೊಡೆಯುತ್ತ ಹೋಗುತ್ತಾರೆ. ಒಂದೇ ಸಲ ಪೂರ್ತಿ ಆಳಕ್ಕೆ ಇಳಿಸಿದರೆ ತಗಡು ಸುರುಟುತ್ತದೆ ಎಂದು, ಮೂರು ಸರದಿಯಲ್ಲಿ. ನೋಡಲು ಕೂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ.

ಸತು ಲೇಪಿಸಿದ ಜಿಐ ಶೀಟ್ ಹಾಕಿದರೆ ತುಕ್ಕೇ ಬರದಲ್ಲ ಎಂದು ಕೇಳುವವರಿದ್ದಾರೆ. ಆಡಿ ಕಂಪನಿ 1986ರ 80 ಮಾದರಿಗೆ ಇಡೀ ಬಾಡಿಯನ್ನೇ ಸತು ಲೇಪಿಸಿದ ತಗಡಿನಲ್ಲಿ ಮಾಡಿತು, ಉಪಾಯವೇನೋ ಒಳ್ಳೆಯದೇ. ಆದರೆ ವೆಲ್ಡ್ ಮಾಡುವ ಅಂಚಿನಲ್ಲಿ ಸತು ಉರಿದು ಹೋಗುತ್ತದೆ, ಆ ಬಿಳಿ ಹೊಗೆ ಕುಡಿದವನಿಗೆ ರಾತ್ರಿ ಚಳಿಜ್ವರ ಬರುತ್ತದೆ. ಹಾಲು ಕುಡಿದರೆ ಸರಿಹೋಗುತ್ತದೆ ಎಂಬ ನಂಬಿಕೆ ವೆಲ್ಡರುಗಳಲ್ಲಿ ಗಟ್ಟಿಯಾಗಿದೆ. ಹಾಲು ಹೋಗುವುದು ಹೊಟ್ಟೆಗೆ, ಹೊಗೆ ಹೋಗುವುದು ಪುಪ್ಪುಸಕ್ಕೆ. ಅಂಚಿನ ಸತುವನ್ನು ಮೊದಲೇ ಉಜ್ಜಿ ತೆಗೆದು, ಗಾಳಿಯಾಡುವಲ್ಲಿ ಕೆಲಸ ಮಾಡುವುದೊಂದೇ ದಾರಿ.

ಬೆಸುಗೆಗೆ ಬಂದರೆ, ಕಡ್ಡಿಯ ಆರ್ಕ್ ವೆಲ್ಡಿಂಗ್ ಗೇಟು, ಕಿಟಕಿ ಸರಳುಗಳಿಗೆ ಇರಲಿ. ಇಷ್ಟು ತೆಳು ತಗಡನ್ನು ಅದು ತೂತು ಮಾಡುತ್ತದೆ. ಹಿಂದಿನವರು ಗ್ಯಾಸ್ ವೆಲ್ಡಿಂಗಿನಲ್ಲೇ ಮಾಡುತ್ತಿದ್ದರು. ಅದರ ಬೆಸುಗೆ ಮೆತ್ತಗೆ, ಸುತ್ತಿಗೆಗೆ ಬಗ್ಗುತ್ತದೆ, ಆದರೆ ಶಾಖ ದೂರದವರೆಗೆ ಹರಡಿ ತಗಡು ಅಲೆಅಲೆಯಾಗಿ ಏಳುತ್ತದೆ. ಎದ್ದ ಉಬ್ಬನ್ನು ಕೆಂಪಗೆ ಕಾಯಿಸಿ, ಅಡಿಯಲ್ಲಿ ಡಾಲಿ ಎಂಬ ಕಬ್ಬಿಣದ ಗಟ್ಟಿ ಹಿಡಿದು ತಟ್ಟಿ, ಒದ್ದೆ ಬಟ್ಟೆ ಒತ್ತಿ ಕುಗ್ಗಿಸುವ ಕೈಚಳಕ ಇದ್ದವರಿಗೆ ಮಾತ್ರ ಅದು ಸರಿ. ಈಗ ಸಾಮಾನ್ಯವಾಗಿ ಸಿಓಟು ವೆಲ್ಡಿಂಗ್ ಎನ್ನುವ ತಂತಿಯ ಯಂತ್ರ. 0.8 ಮಿಲಿಮೀಟರ್ ತಂತಿ ಸಾಕು, 0.6 ಆದರೆ ಇನ್ನೂ ಒಳ್ಳೆಯದು. ಒಂದು ಮೂಲೆಯಿಂದ ಹಿಡಿದು ಉದ್ದಕ್ಕೆ ಎಳೆದುಕೊಂಡು ಹೋಗಬಾರದು. ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ, ತಣ್ಣಗಾದ ಮೇಲೆ ನಡುವೆ ಇನ್ನೊಂದು. ಕಾರ್ಖಾನೆಯಲ್ಲಿ ಸ್ಪಾಟ್ ವೆಲ್ಡ್ ಇದ್ದ ಅಂಚಿನಲ್ಲಿ ಹೊಸ ತಗಡಿಗೆ ಆರೆಂಟು ಮಿಲಿಮೀಟರಿನ ತೂತು ಕೊರೆದು, ತೂತಿನ ಮೂಲಕ ಕೆಳಗಿನ ತಗಡಿಗೆ ಹಿಡಿಯುವಂತೆ ಲೋಹ ತುಂಬಬೇಕು. ಒಂದರ ಮೇಲೊಂದು ಹತ್ತಿಸುವ ಕಡೆ ಎರಡು ಮುಖಗಳಿಗೂ ಮುಂಚೆಯೇ ಸತುವಿನ ಪ್ರೈಮರ್ ಬಳಿಯಬೇಕು, ಆಮೇಲೆ ಅಲ್ಲಿಗೆ ಬ್ರಷ್ ಹೋಗುವುದಿಲ್ಲ.

ಬಣ್ಣದ ಭಾಗವನ್ನು ಬೇಗ ಹೇಳಿಬಿಡುತ್ತೇನೆ. ಉಜ್ಜಿ, ಒರೆಸಿ, ಪ್ರೈಮರ್, ಸಂದುಗಳಿಗೆ ಸೀಲರ್, ಬಣ್ಣ, ಕೆಳಗೆ ಕೋಟಿಂಗ್, ರನ್ನಿಂಗ್ ಬೋರ್ಡಿನ ಟೊಳ್ಳಿನೊಳಗೆ ಮೇಣದ ಸಿಂಪಡಿಕೆ. ಒಂದು ಸಂಗತಿ ಮಾತ್ರ ಒತ್ತಿ ಹೇಳಬೇಕು. ಮೂಲ ತಳದಲ್ಲಿ ರಬ್ಬರ್ ಬಿರಡೆ ಹಾಕಿದ ಕೆಲವು ಉರುಟು ತೂತುಗಳಿರುತ್ತವೆ. ಹೊಸ ತಳ ಮಾಡಿದವರು "ಎಲ್ಲ ಮುಚ್ಚಿ ಗಟ್ಟಿ ಮಾಡಿದ್ದೇವೆ" ಎಂದು ಹೆಮ್ಮೆಯಿಂದ ತೋರಿಸುತ್ತಾರೆ. ಮುಚ್ಚಬಾರದು. ಅವು ನೀರಿನ ದಾರಿ, ಇದ್ದಲ್ಲೇ ಮತ್ತೆ ಕೊರೆದು ಬಿರಡೆ ಹಾಕಿಸಿ.

ಕಾಗದಪತ್ರದ ವಿಷಯಕ್ಕೂ ಒಂದು ಮಾತು. 2021ರಲ್ಲಿ ಕೇಂದ್ರ ಸರಕಾರ ತಂದ ನಿಯಮದಂತೆ 50 ವರ್ಷ ದಾಟಿದ ಕಾರುಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು, ನಂಬರಿನಲ್ಲಿ ವಿಎ ಎಂಬ ಅಕ್ಷರ ಸೇರುತ್ತದೆ. ಮೊದಲ ಪದ್ಮಿನಿಗಳಿಗೆ ಈಗಷ್ಟೇ ಆ ವಯಸ್ಸು. ಆದರೆ ಚಾಸಿ, ಬಾಡಿ, ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು ಎಂಬ ಷರತ್ತಿದೆ. ಕೊಳೆತ ತಳದ ಜಾಗಕ್ಕೆ ಅದೇ ಅಳತೆಯ, ಅದೇ ಆಕಾರದ ತಳ ಕೂರಿಸುವುದು ದುರಸ್ತಿ, ಮಾರ್ಪಾಡಲ್ಲ ಎಂದು ನನ್ನ ವಾದ. ಅದನ್ನು ತೋರಿಸಲು ನಿಮ್ಮ ಹತ್ತಿರ ಸಾಕ್ಷಿ ಬೇಕು. ಕತ್ತರಿಸುವ ಮೊದಲು, ಆಮೇಲೆ ತೆಗೆದ ಫೋಟೋ, ತಗಡಿನ ಬಿಲ್ಲು ಜೋಪಾನ ಮಾಡಿ. ಚಾಸಿ ನಂಬರ್ ಒತ್ತಿದ ಜಾಗಕ್ಕೆ ಗ್ರೈಂಡರ್ ತಾಗಿಸಲು ಯಾರಿಗೂ ಬಿಡಬೇಡಿ.

ಕಾರು ಮನೆಗೆ ಬಂದ ಮೇಲೆ ಹೊಸ ಕಾರ್ಪೆಟ್ ಹಾಸುವ ಆಸೆ ಎಲ್ಲರಿಗೂ ಇರುತ್ತದೆ. ತಡೆದುಕೊಳ್ಳಿ. ಒಬ್ಬರು ಪೈಪು ಹಿಡಿದು ಮುಂದಿನ ಗಾಜಿನ ಮೇಲೆ, ಬಾಗಿಲುಗಳ ಮೇಲೆ ನೀರು ಬಿಡಲಿ, ಇನ್ನೊಬ್ಬರು ಒಳಗೆ ಟಾರ್ಚು ಹಿಡಿದು ಕೂರಲಿ. ಎಲ್ಲಿ ತೇವ ಕಾಣುತ್ತದೋ ಅದು ಹಳೇ ತಳವನ್ನು ತಿಂದ ದಾರಿ. ಬೀಡಿಂಗ್ ಬದಲಾಯಿಸಿ, ಬಾಗಿಲ ತೂತು ಬಿಡಿಸಿ, ಗಾಜಿನ ಬುಡದ ಕಸ ತೆಗೆದು ಮತ್ತೊಮ್ಮೆ ನೀರು ಬಿಡಿ. ಆಮೇಲೂ ಒಂದು ಮಳೆಗಾಲ ಪೂರ್ತಿ ಬರೀ ತಳದ ಮೇಲೆಯೇ ಕಾಲಿಟ್ಟು ಓಡಿಸಿ, ಸದ್ದು ಜಾಸ್ತಿ ಎಂದು ಮನೆಯವರು ಗೊಣಗಿದರೆ ಗೊಣಗಲಿ. ನವರಾತ್ರಿ ಕಳೆದು ಬಿಸಿಲು ಬಂದ ಮೇಲೆ ಒಣಗಿದ್ದು ಖಾತ್ರಿಯಾದರೆ ಕಾರ್ಪೆಟ್ ಹಾಸಿ, ಅಂಟಿಸಬೇಡಿ, ಎತ್ತಿ ನೋಡಲು ಬರುವಂತಿರಲಿ. ಬಂಗುಡೆಯನ್ನು ಆಟೋದಲ್ಲಿ ತರಿಸಿಕೊಳ್ಳಿ.